ಮೇಸ್‌ಹೋ ಗೋರಿಯೊಳಗೆ ಅಮ್ಮನ ಜೊತೆ ಹೋಗಿ ಬಂದೆ. ಒಂದು ಪ್ರಶ್ನೆ ಇನ್ನೂ ತಲೆ ತಿನ್ನುತ್ತಿದೆ

ಸಬ್ಬಸಿಗೆ (ಅಬರ್ಡೀನ್)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಬೈಕೋಬೇಡಿ.

ಅಮ್ಮ ಕೊಪ್ಪಳದಿಂದ ಮೂರು ತಿಂಗಳಿಗೆ ಬಂದಿದ್ದಾರೆ. ಕೋಟೆ, ಚರ್ಚು, ಅಂಗಡಿ ಎಲ್ಲ ತೋರಿಸಿ ಮುಗಿದಿತ್ತು. ಕಳೆದ ವಾರ ಹಡಗು ಹತ್ತಿಸಿ ಓರ್ಕ್ನಿಗೆ ಕರೆದುಕೊಂಡು ಹೋದೆವು. ಸ್ಕಾಟ್ಲೆಂಡಿನ ಉತ್ತರ ತುದಿ ದಾಟಿದ ಮೇಲೆ ಸಿಗುವ ದ್ವೀಪಗಳು. ಮರ ಅನ್ನೋದೇ ಅಪರೂಪ. ಹುಲ್ಲು, ದನ, ಗಾಳಿ ಅಷ್ಟೇ. ಅಮ್ಮನ ಸೆರಗು ಒಂದು ಕ್ಷಣ ನಿಲ್ಲಲಿಲ್ಲ. ಕೊನೆಗೆ ಸೀರೆ ಮೇಲೆ ಅಳಿಯನ ಜಾಕೆಟ್ ಹಾಕಿಕೊಂಡೇ ತಿರುಗಿದರು.

ಕರ್ಕ್‌ವಾಲ್ ಪಟ್ಟಣದಿಂದ ಸುಮಾರು 15 ಕಿ.ಮೀ. ದೂರದಲ್ಲಿ ಮೇಸ್‌ಹೋ ಇದೆ. ದೂರದಿಂದ ನೋಡಿದರೆ ದೊಡ್ಡ ಬೋಗುಣಿಯನ್ನು ಬೋರಲು ಹಾಕಿದ ಹಾಗೆ ಒಂದು ಹಸಿರು ದಿಬ್ಬ. ಅಡ್ಡಳತೆ 35 ಮೀಟರ್, ಎತ್ತರ 7 ಮೀಟರ್. ಸುತ್ತ ಕಂದಕ. ಕಟ್ಟಿದ್ದು ಕ್ರಿ.ಪೂ. 2800ರ ಆಸುಪಾಸು. ಟಿಕೆಟ್ ತಗೊಂಡರೆ ಗೈಡ್ ಜೊತೆಗೆ ಮಾತ್ರ ಒಳಗೆ ಬಿಡುತ್ತಾರೆ. ಫೋಟೋ ತೆಗೆಯೋ ಹಾಗಿಲ್ಲ ಅಂತ ಮೊದಲೇ ಹೇಳಿದರು.

ಒಳಗೆ ಹೋಗೋ ದಾರಿ 11 ಮೀಟರ್ ಉದ್ದ, ಎತ್ತರ ಸುಮಾರು ಒಂದೇ ಮೀಟರ್. ಪೂರ್ತಿ ಬಗ್ಗಿಯೇ ಹೋಗಬೇಕು. ಅಮ್ಮನ ಮಂಡಿ ನೆನೆದು ನಾನು "ಹೊರಗೇ ಕೂತಿರ್ತೀಯಾ" ಅಂದೆ. "ಇಷ್ಟು ದೂರ ಬಂದು ಬಾಗಿಲಲ್ಲಿ ಕೂರೋಕೆ ನಾನೇನು ಚಪ್ಪಲಿ ಕಾಯೋಳಾ" ಅಂದರು. ಸೀರೆ ಎತ್ತಿ ಕಟ್ಟಿಕೊಂಡು ನನಗಿಂತ ಮುಂದೆ ಹೋದರು.

ಒಳಗೆ ಒಂದು ಚೌಕ ಕೋಣೆ. ಪ್ರತಿ ಗೋಡೆ 4.6 ಮೀಟರ್. ನಾಲ್ಕು ಮೂಲೆಗೆ ನಾಲ್ಕು ನಿಲುವುಗಲ್ಲು. ಮೂರು ಗೋಡೆಯಲ್ಲಿ ಒಂದೊಂದು ಚಿಕ್ಕ ಗೂಡು, ಆಳು ನುಸುಳುವಷ್ಟು. ಕಲ್ಲಿನ ಕೆಲಸ ನೋಡಬೇಕು ನೀವು. ಗಾರೆ ಇಲ್ಲ, ಸುಣ್ಣ ಇಲ್ಲ. ಸಂದಿಯಲ್ಲಿ ಚಾಕು ತೂರಿಸೋಕೂ ಕಷ್ಟ.

ಈಗ ಪ್ರಶ್ನೆಗೆ ಬರ್ತೀನಿ. ಗೋಡೆ ತುಂಬಾ ಗೀಚು! 12ನೇ ಶತಮಾನದಲ್ಲಿ ನಾರ್ಸ್ ಜನ (ವೈಕಿಂಗರ ಸಂತತಿ) ಒಳಗೆ ನುಗ್ಗಿ ತಮ್ಮ ರೂನ್ ಲಿಪಿಯಲ್ಲಿ ಮನಸ್ಸಿಗೆ ಬಂದದ್ದು ಕೆತ್ತಿ ಹೋಗಿದ್ದಾರೆ. ಮೂವತ್ತರಷ್ಟು ಬರಹಗಳಿವೆ. ಗೈಡ್ ಟಾರ್ಚ್ ಬಿಟ್ಟು ಓದಿ ಹೇಳಿದರು. ಒಂದರಲ್ಲಿ "ಇಂಗಿಗೆರ್ಡ್ ಎಲ್ಲ ಹೆಂಗಸರಿಗಿಂತ ಚೆಲುವೆ" ಅಂತಿದೆ, ಪಕ್ಕದಲ್ಲಿ ಜೊಲ್ಲು ಸುರಿಸೋ ನಾಯಿ ಥರದ ಚಿತ್ರ. ಇನ್ನೊಬ್ಬ "ಪಶ್ಚಿಮ ಸಮುದ್ರದಲ್ಲೇ ರೂನ್ ಬಲ್ಲವರಲ್ಲಿ ನನ್ನ ಸಮ ಯಾರಿಲ್ಲ" ಅಂತ ಕೊಚ್ಚಿಕೊಂಡಿದ್ದಾನೆ. ಇನ್ನೊಬ್ಬ ಎತ್ತರದ ಕಲ್ಲಿನಲ್ಲಿ "ಇದನ್ನು ಮೇಲೆ ಕೆತ್ತಿದೆ" ಅಂತ ಅಷ್ಟೇ ಕೆತ್ತಿದ್ದಾನೆ!

ಸ್ಕ್ಯಾಂಡಿನೇವಿಯಾದ ಹೊರಗೆ ಇಷ್ಟು ರೂನ್ ಬರಹ ಒಂದೇ ಕಡೆ ಬೇರೆಲ್ಲೂ ಇಲ್ಲವಂತೆ. ಜನ ಅದನ್ನು ನೋಡೋಕೆ ಅಂತಾನೇ ಬರುತ್ತಾರೆ. ಬೆರಳು ತಾಗಿಸೋ ಹಾಗಿಲ್ಲ.

ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೂ ಇದೇ ಕಾಲದ ಕಲ್ಮನೆಗಳಿವೆ (ಚಪ್ಪಡಿ ನಿಲ್ಲಿಸಿ ಕಟ್ಟಿದ ಗೋರಿಗಳು) ಅಲ್ವಾ. ಅಂಥ ಜಾಗದಲ್ಲಿ ಯಾರಾದರೂ ಹೆಸರು ಕೆತ್ತಿದರೆ ನಾವು ಕಿಡಿಗೇಡಿ ಅಂತೀವಿ. ಇಲ್ಲಿ ಅದೇ ಕೆಲಸಕ್ಕೆ ಟಾರ್ಚ್ ಬಿಟ್ಟು ತೋರಿಸ್ತಾರೆ. ಎಷ್ಟು ವರ್ಷ ಕಳೆದರೆ ಗೀಚು ಸ್ಮಾರಕ ಆಗುತ್ತೆ?

ಚಕ್ಕುಲಿ

ಶಾಲೆ ಬೆಂಚಿನ ಮೇಲೆ ಕೈವಾರದಲ್ಲಿ ಹೆಸರು ಕೆತ್ತಿದ್ದೀನಿ. ಇನ್ನು 880 ವರ್ಷ ಕಾಯ್ತೀನಿ. ಆಮೇಲೆ ಟಿಕೆಟ್ ಇಡ್ತೀನಿ.

ನೆಟ್ಟಕಲ್ಲು (ಧಾರವಾಡ)

ಅಕ್ಕಾ, ಬರಹ ಚೆನ್ನಾಗಿದೆ. ಒಂದು ತಿದ್ದುಪಡಿ ಮಾತ್ರ. ಹಿರೇಬೆಣಕಲ್ ಇದೇ ಕಾಲದ್ದಲ್ಲ. ಮೇಸ್‌ಹೋ ನವಶಿಲಾಯುಗದ್ದು. ಕಟ್ಟಿದವರಿಗೆ ಲೋಹ ಗೊತ್ತೇ ಇರಲಿಲ್ಲ, ಕಲ್ಲಿನಿಂದಲೇ ಕಲ್ಲು ಕಡಿದವರು. ಹಿರೇಬೆಣಕಲ್‌ನ ಕಲ್ಮನೆಗಳು ಕಬ್ಬಿಣ ಯುಗದವು, ಸಾಮಾನ್ಯವಾಗಿ ಕ್ರಿ.ಪೂ. 800ರಿಂದ 200ರ ನಡುವೆ ಅಂತ ಹೇಳುತ್ತಾರೆ. ಅಂದರೆ ಮಧ್ಯೆ ಎರಡು ಸಾವಿರ ವರ್ಷ ಅಂತರ ಇದೆ. ನೋಡೋಕೆ ಹೋಲುತ್ತವೆ ಅಂತ ಸೇರಿಸಿಬಿಡ್ತೀವಿ.

ಮೇಸ್‌ಹೋ ಕಟ್ಟುವ ಕಾಲಕ್ಕೆ ನಮ್ಮ ಕಡೆ ಜನ ಏನು ಮಾಡುತ್ತಿದ್ದರು ಅಂದರೆ, ಸಗಣಿ ಗುಡ್ಡೆ ಹಾಕುತ್ತಿದ್ದರು. ತಮಾಷೆ ಅಲ್ಲ. ಕೃಷ್ಣಾ, ತುಂಗಭದ್ರಾ ಬಯಲಿನ ಬೂದಿದಿಬ್ಬಗಳು ಆ ಕಾಲದಿಂದ ಶುರು. ದನದ ದೊಡ್ಡಿಯ ಸಗಣಿ ಒಟ್ಟಿ, ಮತ್ತೆ ಮತ್ತೆ ಸುಟ್ಟು ಆದ ದಿಬ್ಬ. ಕುಪಗಲ್ಲು, ಬೂದಿಹಾಳ, ಕೊಡೇಕಲ್ಲು ಇವೆಲ್ಲ ಆ ಸಾಲಿನವು. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಅಂತ ಊರವರು ನಂಬುತ್ತಾರೆ. ನವಶಿಲಾಯುಗದ ನಮ್ಮವರು ಸತ್ತವರಿಗೆ ಗುಡ್ಡೆ ಕಟ್ಟಲಿಲ್ಲ. ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆ ನೆಲದಡಿಯೇ ಹೂಳುತ್ತಿದ್ದರು.

ಸಬ್ಬಸಿಗೆ

ಓ, ತಪ್ಪಾಯ್ತು ತಮ್ಮಾ. ಅಮ್ಮನಿಗೆ ಬೂದಿದಿಬ್ಬದ ಮಾತು ಓದಿ ಹೇಳಿದೆ. "ಅವರು ಸತ್ತವರಿಗೆ ಮನೆ ಕಟ್ಟಿದರು, ನಮ್ಮವರು ದನಕ್ಕೆ ಕಟ್ಟಿದರು. ಸರಿಯಾಗೇ ಇದೆ" ಅಂದರು.

ಹಳೇಮೇಷ್ಟ್ರು (ಶಹಾಪುರ)

ಕಾಲದ ವಿಷಯದಲ್ಲಿ ನೆಟ್ಟಕಲ್ಲು ಹೇಳಿದ್ದೇ ಸರಿ. ಆದರೆ ಇವೆರಡನ್ನೂ ಒಟ್ಟಿಗೆ ಸೇರಿಸಿದವರಲ್ಲಿ ನೀವು ಮೊದಲಿನವರಲ್ಲ ತಾಯಿ. ನಮ್ಮ ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸಾಹೇಬ 1850ರ ಹೊತ್ತಿಗೇ ಈ ಕೆಲಸ ಮಾಡಿದ್ದ. ರಾಜನಕೋಳೂರು, ಜೇವರ್ಗಿ ಕಡೆಯ ಕಲ್ಗುಪ್ಪೆಗಳನ್ನು ಅಗೆಸಿದ, ಅಳತೆ ತೆಗೆದ, ಚಿತ್ರ ಬರೆದ. ಬ್ರಿಟನ್ನಿನ ಕಲ್ಗುಪ್ಪೆಗಳಿಗೂ ಇವಕ್ಕೂ ಎಷ್ಟು ಹೋಲಿಕೆ ಅಂತ ಬೆರಗಾಗಿ, ಇವು ಹೊರಗಿನಿಂದ ಬಂದ ಹಳೇ ಜನಾಂಗಗಳದ್ದು, ಕೆಲ್ಟರದ್ದೋ ಅವರ ಪುರೋಹಿತರಾದ ಡ್ರೂಯಿಡರದ್ದೋ ಸಿಥಿಯನ್ನರದ್ದೋ ಇರಬೇಕು ಅಂತ ಬರೆದ. ಆ ತೀರ್ಮಾನ ತಪ್ಪು. ಆದರೆ ಅಗೆದು, ಅಳೆದು, ಬರೆದಿಟ್ಟ ಪದ್ಧತಿ ಆ ಕಾಲಕ್ಕೆ ದೊಡ್ಡದು.

ಊರವರು ಇವನ್ನು ಮೋರ್ಯರ ಮನೆ ಅನ್ನುತ್ತಾರೆ. ಮೂರಡಿ ಎತ್ತರದ ಕುಳ್ಳ ಜನ ಇದ್ದರು, ಬೆಂಕಿಮಳೆ ಬರುತ್ತೆ ಅಂತ ಕಲ್ಲಿನ ಮನೆ ಕಟ್ಟಿಕೊಂಡರು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಬೇರೆ ಕಡೆ ಪಾಂಡವರ ಮನೆ ಅಂತಾರೆ. ಓರ್ಕ್ನಿಯಲ್ಲೂ ಅಷ್ಟೇ, ದಿಬ್ಬದಲ್ಲಿ ಭೂತ ವಾಸ ಮಾಡುತ್ತೆ ಅಂತ ಹೆದರುತ್ತಿದ್ದರು.

ಗಾರೆಕೆಲಸ (ಮಂಗಳೂರು)

ಗಾರೆ ಇಲ್ಲದೆ ಹೇಗೆ ನಿಂತಿದೆ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳ್ತೀನಿ. ನನ್ನ ಕಸುಬು ಅದು.

ಓರ್ಕ್ನಿಯ ಕಲ್ಲು ಪದರ ಪದರ ಮರಳುಗಲ್ಲು. ನಮ್ಮ ಶಹಾಬಾದ್ ಕಲ್ಲು ಏಳುವ ಹಾಗೆ ತಟ್ಟಿದರೆ ಹಾಳೆಯಂತೆ ಏಳುತ್ತದೆ. ಉಳಿ ಪೆಟ್ಟು ಕಮ್ಮಿ ಸಾಕು. ಗೋಡೆ ಒಂದಾಳೆತ್ತರ ನೆಟ್ಟಗೆ ಏರಿದ ಮೇಲೆ ಪ್ರತಿ ಸಾಲನ್ನೂ ಕೆಳಗಿನ ಸಾಲಿಗಿಂತ ಎರಡು ಬೆರಳು ಒಳಗೆ ಚಾಚಿ ಕೂರಿಸುತ್ತಾ ಹೋಗುತ್ತಾರೆ. ನಾಲ್ಕೂ ಕಡೆಯಿಂದ ಹೀಗೆ ಚಾಚಿದರೆ ಮೇಲೆ ತುದಿಯಲ್ಲಿ ಸಣ್ಣ ಕಿಂಡಿ ಉಳಿಯುತ್ತದೆ. ಅದಕ್ಕೊಂದು ಚಪ್ಪಡಿ ಮುಚ್ಚಿದರೆ ಮುಗಿಯಿತು. ಚಾಚಿದ ಕಲ್ಲು ಒಳಗೆ ಬೀಳಬಾರದು ಅಂದರೆ ಹಿಂದೆ ಭಾರ ಬೇಕು. ಆ ಭಾರವೇ ದಿಬ್ಬ. ದಿಬ್ಬ ತೆಗೆದರೆ ಕೋಣೆ ಕುಸಿಯುತ್ತದೆ.

ಅಕ್ಕಾ, ಒಳಗೆ ಮೇಲೆ ನೋಡಿದಿರಾ? ಮಾಡು (ಚಾವಣಿ) ಬಿಳಿ ಇರಬೇಕು.

ಸಬ್ಬಸಿಗೆ

ಹೌದು! ಕೆಳಗಿನದೆಲ್ಲ ಕಂದು ಕಲ್ಲು, ಮೇಲೆ ಹೋಗ್ತಾ ಬಿಳಿ. ಯಾರೋ ಸುಣ್ಣ ಬಳಿದ ಹಾಗೆ. ಅಮ್ಮ ಮೊದಲು ನೋಡಿದ್ದೇ ಅದು. "ಇದು ರಿಪೇರಿ" ಅಂದರು.

ಗಾರೆಕೆಲಸ

ಅಮ್ಮನಿಗೆ ನಮ್ಮ ಸೈಟಿನಲ್ಲಿ ಕೆಲಸ ಕೊಡ್ತೀನಿ. ಅದು ರಿಪೇರಿಯೇ. 1861ರಲ್ಲಿ ಜೇಮ್ಸ್ ಫ್ಯಾರರ್ ಅಂತ ಒಬ್ಬ ಎಂ.ಪಿ. ಅಗೆಯೋಕೆ ಬಂದ. ದಾರಿ ಕಡೆಯಿಂದ ಆಗಲಿಲ್ಲ ಅಂತ ನೇರ ಮೇಲಿನಿಂದಲೇ ತೂತು ಹೊಡೆಸಿ ಇಳಿದ. ತುದಿ ಆಗಲೇ ಕೆಟ್ಟಿತ್ತು ಅನ್ನೋದೂ ಇದೆ, ನಾರ್ಸ್ ಜನರೂ ಮೇಲಿಂದಲೇ ಇಳಿದಿರಬೇಕು. ಮೊದಲು ಮಾಡು ನೆಲದಿಂದ ನಾಲ್ಕೂವರೆ ಮೀಟರ್ ಇದ್ದಿರಬಹುದು ಅಂತ ಅಂದಾಜು. ಈಗ ಅಷ್ಟಿಲ್ಲ.

ಅಂದರೆ ನಾಯಿ ಚಿತ್ರ ಕೆತ್ತಿದವನಿಂದ ಆದ ನಷ್ಟ ಕಮ್ಮಿ. ಶಾಸ್ತ್ರೋಕ್ತವಾಗಿ ಅಗೆಯಲು ಬಂದವನಿಂದ ಆದದ್ದೇ ಜಾಸ್ತಿ. ಆಮೇಲೆ ಪುಣ್ಯಾತ್ಮರು ಮುಚ್ಚಿ ಕಟ್ಟಿದರು. ನನಗೆ ಆ ಬಿಳಿ ಇಷ್ಟ. ಹಳೆಯದರ ಹಾಗೆ ಕಾಣಲಿ ಅಂತ ನಾಟಕ ಮಾಡಿಲ್ಲ. ಎಲ್ಲಿಂದ ಹೊಸದು ಅಂತ ಮಗುವಿಗೂ ಗೊತ್ತಾಗುತ್ತೆ. ನಮ್ಮ ಕಡೆ ಜೀರ್ಣೋದ್ಧಾರ ಅಂತ ಹಳೆ ಕಂಬಕ್ಕೆ ಗ್ರಾನೈಟ್ ಅಂಟಿಸಿ ಆಯಿಲ್ ಪೇಂಟ್ ಹೊಡೀತಾರಲ್ಲ, ಅದಕ್ಕಿಂತ ಸಾವಿರ ಪಾಲು ಮೇಲು.

ಕಾಯ್ದೆಕಟ್ಟಳೆ (ಬೆಂಗಳೂರು)

ಮೂಲ ಪ್ರಶ್ನೆಗೆ ಕಾನೂನಿನ ಉತ್ತರ: ನಮ್ಮಲ್ಲಿ ನೂರು ವರ್ಷ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ಶಾಸನ, ಗವಿ, ಕಟ್ಟಡ, ಗೋರಿ ಇವು ಕನಿಷ್ಠ 100 ವರ್ಷದಿಂದ ಇರಬೇಕು ಅಂತಿದೆ. ಹಾಗಾಗಿ ಚಕ್ಕುಲಿಯವರು 880 ಕಾಯಬೇಕಿಲ್ಲ, ಸುಮಾರು 80 ಸಾಕು.

ತಮಾಷೆ ಬಿಡಿ. ಬ್ರಿಟನ್ನಿನ ಮೊದಲ ಸ್ಮಾರಕ ಕಾಯ್ದೆ ಬಂದದ್ದು 1882ರಲ್ಲಿ. ಜಾನ್ ಲಬ್ಬಕ್ ಅನ್ನೋ ಎಂ.ಪಿ. ವರ್ಷಗಟ್ಟಲೆ ಪಟ್ಟು ಹಿಡಿದು ತಂದದ್ದು. ಅದರ ಕೊನೆಯಲ್ಲೊಂದು ಚಿಕ್ಕ ಪಟ್ಟಿ ಇತ್ತು, ಇಷ್ಟು ಸ್ಮಾರಕಗಳನ್ನು ಕಾಪಾಡಬೇಕು ಅಂತ. ಆ ಮೊದಲ ಪಟ್ಟಿಯಲ್ಲೇ ಮೇಸ್‌ಹೋ ಇದೆ, ಅದೇ ಓರ್ಕ್ನಿಯ ಬ್ರಾಡ್ಗರ್ ಕಲ್ಲಿನ ಬಳೆಯ (ದುಂಡಗೆ ನೆಟ್ಟ ನಿಲುವುಗಲ್ಲುಗಳ) ಜೊತೆಗೆ. ಆದರೆ ಆ ಕಾಯ್ದೆಗೆ ಹಲ್ಲೇ ಇರಲಿಲ್ಲ. ಜಮೀನಿನ ಒಡೆಯ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಸ್‌ಹೋ ಸರ್ಕಾರದ ಸುಪರ್ದಿಗೆ ಬಂದದ್ದು 1910ರಲ್ಲಿ.

ಈಗ ನಡೆಯುತ್ತಿರುವುದು 1979ರ ಕಾಯ್ದೆ. ಪಟ್ಟಿಯಲ್ಲಿರುವ ಸ್ಮಾರಕದ ಮೇಲೆ ಅನುಮತಿ ಇಲ್ಲದೆ ಅಗೆಯೋದು, ಕೆಡವೋದು, ಮಣ್ಣು ತುಂಬೋದು, ರಿಪೇರಿ ಮಾಡೋದು ಕೂಡ ಅಪರಾಧ. ಲೋಹ ಹುಡುಕುವ ಯಂತ್ರ ಹಿಡಿದು ಓಡಾಡುವಂತೆಯೂ ಇಲ್ಲ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಜಮೀನು ಸರ್ಕಾರದ್ದಾಗೋದಿಲ್ಲ. ಸ್ಕಾಟ್ಲೆಂಡಿನಲ್ಲಿ ಇಂಥವು ಎಂಟು ಸಾವಿರ ಇವೆ, ಬಹುಪಾಲು ಯಾರದೋ ಹೊಲದಲ್ಲಿ, ಯಾರದೋ ಕುರಿ ಮೇಯುವ ಗುಡ್ಡದಲ್ಲಿ.

ನಮ್ಮಲ್ಲಿ ಕರ್ಜನ್ ಕಾಲದ 1904ರ ಕಾಯ್ದೆ ಮೊದಲು, ಆಮೇಲೆ 1958ರದ್ದು. 2010ರ ತಿದ್ದುಪಡಿಯಿಂದ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಪಡೆದು ಕಟ್ಟಬೇಕು. ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕಾಗದದ ಮೇಲೆ ನಮ್ಮದು ಜಾಸ್ತಿ ಬಿಗಿ.

ಗುಡ್ಡದಹುಡುಗ (ಗಂಗಾವತಿ)

ಕಾಗದದ ಮೇಲೆ ಅಂದ್ರಲ್ಲ ಸಾರ್, ಅಲ್ಲೇ ಇದೆ ನೋಡ್ರಿ ಎಲ್ಲ.

ನಮ್ಮ ಕಡೆ ಒಂದು ಗುಡ್ಡ. ಹೆಸರು ಬೇಡ, ಹೇಳಿದರೆ ನಾಳೆ ನಾಲ್ಕು ಜನ ಹಾರೆ ಹಿಡಿದು ಹೋಗ್ತಾರೆ. ಅಲ್ಲಿ ಕಲ್ಮನೆಗಳ ಒಂದು ಗುಂಪು ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಕುರಿ ಕಾಯೋ ಮಾವನ ಜೊತೆ ಹೋಗುತ್ತಿದ್ದೆ. ಮಳೆ ಬಂದರೆ ಅದರೊಳಗೇ ಕೂರುತ್ತಿದ್ದೆವು. ಹೋದ ದೀಪಾವಳಿಗೆ ಹೋದರೆ ಮೂರು ಮನೆಯ ನೆಲ ಅಗೆದು ಹಾಕಿದ್ದಾರೆ. ಚಪ್ಪಡಿ ಒಡೆದು ಎರಡು ಹೋಳು. ಗುಂಡಿಯಲ್ಲಿ ಅರ್ಧ ಸುಟ್ಟ ನಿಂಬೆಹಣ್ಣು, ಕುಂಕುಮ, ಕೋಳಿಪುಕ್ಕ. ನಿಧಿ ಕಳ್ಳರು. ಅಮಾವಾಸ್ಯೆ ರಾತ್ರಿ ಬಂದು ಹೋಗಿದ್ದಾರೆ.

ಸಿಕ್ಕಿದ್ದೇನು? ಮಡಕೆ ಚೂರು. ಕೆಂಪು, ಕಪ್ಪು ಬಣ್ಣದ ಚೂರುಗಳನ್ನು ಸಿಟ್ಟಿನಿಂದ ಎಸೆದು ಹೋಗಿದ್ದರು. ಒಂದು ಚೂರಿನ ಅಂಚು ಇನ್ನೂ ಕನ್ನಡಿ ಥರ ಹೊಳೀತಿತ್ತು. ಎತ್ತಿಕೊಂಡು ಬರೋಣ ಅನ್ನಿಸಿತು, ಮಾವ ಬೇಡ ಅಂದರು. ಅಲ್ಲೇ ಇಟ್ಟು ಬಂದೆ. ಯಾರಿಗೆ ಹೇಳಬೇಕು ಅಂತ ಕೇಳಿಕೊಂಡು ಮೂರು ಕಚೇರಿ ತಿರುಗಿದೆ. ಒಂದು ಕಡೆ "ಅದು ನಮ್ಮ ಪಟ್ಟಿಯಲ್ಲಿಲ್ಲ" ಅಂದರು. ಇನ್ನೊಂದು ಕಡೆ ಅರ್ಜಿ ತಗೊಂಡರು.

ಹಿರೇಬೆಣಕಲ್ ಮಾತು ಬೇರೆ. ಅಲ್ಲಿ ನಾಲ್ಕುನೂರರಷ್ಟು ಗೋರಿ ಇವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಪಟ್ಟಿಯಲ್ಲಿಲ್ಲದ ಗುಡ್ಡಗಳದ್ದು ನನ್ನ ಸಂಕಟ. ರಾಜನ ಹೆಸರಿಲ್ಲ, ದೇವರ ಹೆಸರಿಲ್ಲ. ಕ್ವಾರಿಯವರಿಗೆ ಅದು ಇನ್ನೂ ಜಲ್ಲಿ ಆಗದ ಕಲ್ಲು ಅಷ್ಟೇ. ಸಂಗನಕಲ್ಲು, ಕುಪಗಲ್ಲು ಗುಡ್ಡಗಳಲ್ಲಿ ಬಡಿದರೆ ಗಂಟೆ ಥರ ದನಿ ಕೊಡುವ ಬಂಡೆ, ಅದರ ಪಕ್ಕ ಗೂಳಿಗಳ ಚಿತ್ರ ಇದ್ದವಲ್ಲ, ಅವುಗಳ ಬುಡಕ್ಕೇ ಕ್ವಾರಿ ಬಂದಿತ್ತು.

ಸಬ್ಬಸಿಗೆ

ಓದಿ ಹೊಟ್ಟೆ ತೊಳಸಿತು. ನಿಧಿ ಅಂದಾಗ ನೆನಪಾಯ್ತು. ಮೇಸ್‌ಹೋ ರೂನ್‌ಗಳಲ್ಲೂ ಅದೇ ಗೋಳು! "ನಾನು ಹೇಳೋದು ನಿಜ, ನಿಧಿ ಇಲ್ಲಿಂದ ಸಾಗಿಸಿಬಿಟ್ಟಿದ್ದಾರೆ. ದಿಬ್ಬ ಒಡೆಯೋಕೆ ಮೂರು ರಾತ್ರಿ ಮೊದಲೇ ಹೋಯ್ತು" ಅನ್ನೋ ಅರ್ಥದ್ದು ಒಂದಿದೆ. ಇನ್ನೊಬ್ಬ ಆ ದೊಡ್ಡ ನಿಧಿ ಸಿಕ್ಕವನೇ ಪುಣ್ಯವಂತ ಅಂತಾನೆ. ಜೆರುಸಲೇಮಿಗೆ ಹೊರಟ ಯಾತ್ರಿಕರು ದಿಬ್ಬ ಒಡೆದರು ಅಂತಲೂ ಇದೆ. ಯಾತ್ರೆಗೆ ಹೊರಟವರ ಕೆಲಸ ನೋಡಿ!

ನೆಟ್ಟಕಲ್ಲು

ಕಲ್ಲುಕೊಡಲಿ ಕಾಲದವರು ಚಿನ್ನ ಎಲ್ಲಿಂದ ಇಡಬೇಕು? ಫ್ಯಾರರ್ ಇಳಿದಾಗ ಸಿಕ್ಕಿದ್ದು ಒಂದು ತಲೆಬುರುಡೆ ಚೂರು, ಕುದುರೆ ಮೂಳೆ. ಅಷ್ಟೇ.

ಸಬ್ಬಸಿಗೆ

ಅಲ್ಲೇ ಅಮ್ಮ ಗೈಡ್ ಬಾಯಿ ಕಟ್ಟಿಸಿದ್ದು. ನಾನು ಮಧ್ಯೆ ನಿಂತು ಭಾಷಾಂತರ ಮಾಡ್ತಿದ್ದೆ. "ಒಂದೇ ಬುರುಡೆ ಚೂರು ಸಿಕ್ಕಿದ್ದರೆ ಇದು ಗೋರಿ ಅಂತ ಹೇಗೆ ಗೊತ್ತಾಯ್ತು" ಅಂತ ಕೇಳಿದರು. ಗೈಡ್ ಬೇರೆ ದಿಬ್ಬಗಳಲ್ಲಿ ಮೂಳೆ ಸಿಕ್ಕಿದೆ, ಕಟ್ಟಡ ಇದೇ ನಮೂನೆ ಅಂತ ವಿವರಿಸಿದರು.

ಆಮೇಲೆ ಹೊರಗೆ ಬರುವಾಗ ಬಾಗಿಲ ಹತ್ತಿರ ಗೋಡೆಯಲ್ಲೊಂದು ಗೂಡು, ಅದರೊಳಗೊಂದು ದಪ್ಪ ಕಲ್ಲು. ಅದನ್ನು ಎಳೆದರೆ ದಾರಿ ಮುಚ್ಚುತ್ತದಂತೆ. ಅಮ್ಮ ಅಲ್ಲೇ ಬಗ್ಗಿ ನಿಂತುಬಿಟ್ಟರು, ಹಿಂದೆ ಸಾಲು ನಿಂತಿದೆ. "ಈ ಕಲ್ಲು ಒಳಗಡೆ ಇದೆಯಲ್ಲೇ. ಗೋರಿಗೆ ಒಳಗಿಂದ ಅಗಳಿ ಯಾಕೆ? ಸತ್ತವರು ಎದ್ದು ಬಾಗಿಲು ಹಾಕ್ಕೋತಾರಾ?"

ನನಗೆ ಭಾಷಾಂತರ ಮಾಡೋಕೂ ಆಗಲಿಲ್ಲ, ನಗು ಬಂತು. ಆದರೆ ಯೋಚಿಸಿದರೆ ಮೈ ಜುಂ ಅನ್ನುತ್ತೆ.

ನೆಟ್ಟಕಲ್ಲು

ಅಮ್ಮನ ಪ್ರಶ್ನೆ ವಿದ್ವಾಂಸರೂ ಕೇಳಿರೋದೇ. ಬದುಕಿರುವವರು ಒಳಗೆ ಹೋಗಿ ಕಲ್ಲು ಎಳೆದುಕೊಂಡು ಏನೋ ಆಚರಣೆ ಮಾಡುತ್ತಿದ್ದರು ಅನ್ನೋದು ಒಂದು ಊಹೆ. ಇನ್ನೊಂದು ವಿಷಯ ಇದೆ. ಆ ಕಲ್ಲು ಪೂರ್ತಿ ಮುಚ್ಚೋದಿಲ್ಲ. ಮೇಲೆ ಸ್ವಲ್ಪ ಸಂದಿ ಉಳಿಯುತ್ತದೆ. ಚಳಿಗಾಲದ ನಡುವಿನ ಆ ಅತಿ ಚಿಕ್ಕ ಹಗಲಿನ ಹಿಂದೆ ಮುಂದೆ ಕೆಲವು ವಾರ, ಮುಳುಗುವ ಸೂರ್ಯನ ಬಿಸಿಲು ಆ ದಾರಿಯಲ್ಲಿ ನೇರ ತೂರಿ ಹಿಂದಿನ ಗೋಡೆಗೆ ಬೀಳುತ್ತದೆ. ಬಾಗಿಲು ಹಾಕಿದ್ದರೂ ಸಂದಿಯಿಂದ ಒಂದು ಗೆರೆ ಬೆಳಕು ಬರುತ್ತಿತ್ತು.

ಅಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಕಾಲಕ್ಕೆ ಕತ್ತಲು. ಅಂಥ ಕಡೆ ಆ ಗೆರೆಗೆ ಎಷ್ಟು ಬೆಲೆ ಅಂತ ಅಬರ್ಡೀನಿನಲ್ಲಿರುವವರಿಗೆ ಬೇರೆ ಹೇಳಬೇಕಾ.

ಸಬ್ಬಸಿಗೆ

ಹೇಳಬೇಡ ತಮ್ಮಾ. ಡಿಸೆಂಬರಿನಲ್ಲಿ ವಿಟಮಿನ್ ಡಿ ಮಾತ್ರೆಯೇ ನಮ್ಮ ಸೂರ್ಯ.

ಎಡಿನ್‌ಬರೋ ಎಂಕ

ನಾನೂ ಎರಡು ಸಲ ಓರ್ಕ್ನಿಗೆ ಹೋಗಿದ್ದೀನಿ. ಮೇಸ್‌ಹೋ ಒಂದೇ ನೋಡಿ ಬಂದರೆ ಅರ್ಧ ಊಟ ಮಾಡಿ ಎದ್ದ ಹಾಗೆ. ಅದು ಸುಸಂಸ್ಕೃತ ಗೋರಿ. ಟಿಕೆಟ್, ಬಸ್ಸು, ಗೈಡ್ ಎಲ್ಲ ಉಂಟು.

ಅಲ್ಲೇ ಕುವೀನ್ ಗುಡ್ಡದ ಗೋರಿಗೆ ಹೋಗಿ. ಯಾರೂ ಇರೋದಿಲ್ಲ. ಗೇಟು ತೆಗೆದು ನಾವೇ ಮೊಣಕಾಲೂರಿ ತೆವಳಿಕೊಂಡು ಒಳಗೆ ಹೋಗಬೇಕು. ಪ್ಯಾಂಟು ಕೆಸರು. ಅಲ್ಲಿ 24 ನಾಯಿಗಳ ತಲೆಬುರುಡೆ ಸಿಕ್ಕಿದ್ದವು. ಒಳಗೆ ಒಬ್ಬನೇ ಕೂತು ಟಾರ್ಚ್ ಆರಿಸಿ ಎರಡು ನಿಮಿಷ ಇದ್ದೆ. ಆಮೇಲೆ ಬಂದ ವೇಗ ನೆನೆದರೆ ನನಗೇ ನಗು. ವೈಡ್‌ಫರ್ಡ್ ಗುಡ್ಡದ ಗೋರಿಗೆ ಮೇಲಿಂದ ಏಣಿ ಇಳಿದು ಹೋಗಬೇಕು, ಹಗೇವಿಗೆ ಇಳಿದ ಹಾಗೆ.

ಸೌತ್ ರೊನಾಲ್ಡ್ಸೆ ದ್ವೀಪದ ಹದ್ದುಗಳ ಗೋರಿ ಇನ್ನೂ ಮಜಾ. 1958ರಲ್ಲಿ ರಾನಿ ಸಿಮಿಸನ್ ಅನ್ನೋ ರೈತನಿಗೆ ತನ್ನ ಹೊಲದಲ್ಲೇ ಸಿಕ್ಕಿದ್ದು. ವರ್ಷಗಟ್ಟಲೆ ಕಾದು 1976ರಲ್ಲಿ ತಾನೇ ಅಗೆದ. ಮನುಷ್ಯರ ಮೂಳೆಗಳೇ ಹದಿನಾರು ಸಾವಿರ, ಜೊತೆಗೆ ಕಡಲಹದ್ದಿನ ಉಗುರು, ಎಲುಬು. ಮನೆಯವರೇ ಸಣ್ಣ ಮ್ಯೂಸಿಯಂ ಮಾಡಿ, ಬಂದವರ ಕೈಗೆ ಆ ವಸ್ತುಗಳನ್ನು ಕೊಟ್ಟು ಕಥೆ ಹೇಳುತ್ತಿದ್ದರು. ಗೋರಿಯೊಳಗೆ ಹೋಗೋಕೆ ಚಕ್ರದ ಹಲಗೆ ಮೇಲೆ ಮಲಗಿ ಹಗ್ಗ ಎಳಕೊಂಡು ಹೋಗಬೇಕಿತ್ತು. ಕೋವಿಡ್ ಕಾಲದಲ್ಲಿ ಮುಚ್ಚಿತು. ನಾನು ಮೊದಲ ಸಲ ಹೋದಾಗ ನೋಡಿದ್ದೆ, ಎರಡನೇ ಸಲ ಬಾಗಿಲು ಹಾಕಿತ್ತು.

ಗುಡ್ಡದಹುಡುಗ ಹೇಳಿದ್ದಕ್ಕೆ ಇದು ಒಂದು ಥರ ಉತ್ತರ. ಆ ಮನೆಯವರಿಗೆ ಅದು ನಮ್ಮ ಹೊಲದ ಗೋರಿ, ನಮ್ಮ ಗೋರಿ.

ಗುಡ್ಡದಹುಡುಗ

ಹೌದಣ್ಣ. ಆದರೆ ಆ ರೈತನೂ ತಾನೇ ಅಗೆದ. ನಮ್ಮಲ್ಲಿ ರೈತ ತಾನೇ ಅಗೆದರೆ ಅವನೂ ನಿಧಿ ಕಳ್ಳ.

ಕಾಯ್ದೆಕಟ್ಟಳೆ

ವ್ಯತ್ಯಾಸ ಇದೆ. ಅವನು ಸಿಕ್ಕಿದ್ದನ್ನು ಎತ್ತಿಟ್ಟ, ಬರೆದಿಟ್ಟ, ತೋರಿಸಿದ. ಹಾಗಂತ ಎಲ್ಲರಿಗೂ ಹಾರೆ ಕೊಡಿ ಅಂತ ನಾನು ಹೇಳಲ್ಲ. ಒಂದು ಸಲ ಅಗೆದ ನೆಲ ಮತ್ತೆ ಅಗೆಯೋಕೆ ಬರೋದಿಲ್ಲ. ಫ್ಯಾರರ್ ಬಳಿ ಉದ್ದೇಶ ಒಳ್ಳೆಯದಿತ್ತು, ಮಾಡು ಹೋಯಿತು.

ಹಳೇಮೇಷ್ಟ್ರು

ಜನರದ್ದಾಗೋದು ಅಂದರೆ ಏನು ಅನ್ನೋದಕ್ಕೆ ಓರ್ಕ್ನಿಯದ್ದೇ ಒಂದು ಕಥೆ. ಮೇಸ್‌ಹೋಗೆ ಹತ್ತಿರದಲ್ಲೇ ಓಡಿನ್ ಕಲ್ಲು ಅಂತ ತೂತಿನ ಕಲ್ಲೊಂದು ನಿಂತಿತ್ತು. ಊರಿನ ಹುಡುಗ ಹುಡುಗಿ ಆ ತೂತಿನಲ್ಲಿ ಕೈ ಕೈ ಹಿಡಿದು ಮಾತು ಕೊಟ್ಟರೆ ಮದುವೆ ಆದ ಹಾಗೇ. 1814ರ ಡಿಸೆಂಬರಿನಲ್ಲಿ ಜಮೀನು ಗೇಣಿಗೆ ಮಾಡುತ್ತಿದ್ದ ಕ್ಯಾಪ್ಟನ್ ಮೆಕೇ ಅನ್ನೋನು, ಜನ ಬಂದು ಹೊಲ ತುಳಿಯುತ್ತಾರೆ ಅಂತ ಅದನ್ನು ಒಡೆದು ಹಾಕಿದ. ಪಕ್ಕದ ಸ್ಟೆನ್ನೆಸ್ ನಿಲುವುಗಲ್ಲುಗಳಿಗೂ ಕೈ ಹಾಕಿದ. ಅವನು ಹೊರಗಿನಿಂದ ಬಂದವನು. ಊರವರು ಎಷ್ಟು ಕೆರಳಿದರು ಅಂದರೆ ಅವನ ಮನೆಗೆ ಬೆಂಕಿ ಇಡೋಕೆ ಎರಡು ಸಲ ಪ್ರಯತ್ನ ಆಯಿತು.

ಆಗ ಕಾಯ್ದೆ ಇರಲಿಲ್ಲ. ಆ ಕಲ್ಲು ಅವರ ಮದುವೆ ಮಾತಿನ ಕಲ್ಲಾಗಿತ್ತು, ಅದಕ್ಕೇ ಸಿಟ್ಟು ಬಂತು. ಬೆಂಕಿ ಇಡೋದು ತಪ್ಪು, ಅದು ಬೇರೆ ಮಾತು. ನಮ್ಮ ಮೋರ್ಯರ ಮನೆ ಹತ್ತಿರ ಅಜ್ಜಿಯರು "ಹೋಗಬೇಡ್ರೋ, ಕುಳ್ಳರು ಬರ್ತಾರೆ" ಅಂತ ಹೆದರಿಸುತ್ತಿದ್ದರಲ್ಲ, ಆ ಹೆದರಿಕೆ ಇದ್ದಷ್ಟು ದಿನ ಯಾರೂ ಚಪ್ಪಡಿ ಮುಟ್ಟಲಿಲ್ಲ. ನಾನು ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತು "ಅದೆಲ್ಲ ಮೂಢನಂಬಿಕೆ, ಅವು ಬರೀ ಗೋರಿ" ಅಂತ ಪಾಠ ಮಾಡಿದೆ. ನನ್ನ ಮಾತು ಕೇಳಿ ಹೆದರಿಕೆ ಬಿಟ್ಟವರಲ್ಲಿ ಯಾರ ಕೈಗೆ ಹಾರೆ ಬಂತೋ ಅಂತ ಈಗೀಗ ರಾತ್ರಿ ಅನ್ನಿಸುತ್ತದೆ.

ಚಕ್ಕುಲಿ

ಮೇಷ್ಟ್ರೇ, ತಮಾಷೆ ಮಾಡೋಣ ಅಂತ ಬಂದವನು ಸುಮ್ಮನಾದೆ.

ಗುಡ್ಡದಹುಡುಗ

ನಿಮ್ಮ ಪಾಠದ ತಪ್ಪಲ್ಲ ಸಾರ್. ಕೋಳಿ ಕುಯ್ದು ಪೂಜೆ ಮಾಡಿ ಅಗೆದವರಿಗೆ ಹೆದರಿಕೆ ಇನ್ನೂ ಇದೆ. ಆಸೆ ಅದಕ್ಕಿಂತ ಜಾಸ್ತಿ.

ನೆಟ್ಟಕಲ್ಲು

ಸಬ್ಬಸಿಗೆ ಅಕ್ಕನ ಮೂಲ ಪ್ರಶ್ನೆಗೆ ವಾಪಸ್ ಬರ್ತೀನಿ. ಓರ್ಕ್ನಿಯ ಹಾಯ್ ದ್ವೀಪದಲ್ಲಿ ಡ್ವಾರ್ಫಿ ಸ್ಟೇನ್ ಅಂತ ಇದೆ. ಒಂದೇ ಬಂಡೆಯನ್ನು ಕೊರೆದು ಮಾಡಿದ ಗೋರಿ. ಅದರ ಮೇಲೆ ಒಂದು ಪರ್ಷಿಯನ್ ಬರಹ ಇದೆ! ವಿಲಿಯಂ ಮೌನ್ಸಿ ಅನ್ನೋ ಸೈನ್ಯಾಧಿಕಾರಿ 1850ರಲ್ಲಿ ಅಲ್ಲಿ ಎರಡು ರಾತ್ರಿ ಕಳೆದ. "ಎರಡು ರಾತ್ರಿ ಕೂತೆ, ತಾಳ್ಮೆ ಕಲಿತೆ" ಅಂತ ಪರ್ಷಿಯನ್ ಅಕ್ಷರದಲ್ಲಿ ಕೆತ್ತಿದ, ಜೊತೆಗೆ ತನ್ನ ಹೆಸರನ್ನು ತಿರುಗುಮುರುಗಾಗಿ. ತಾಳ್ಮೆ ಕಲಿಸಿದ್ದು ಅಲ್ಲಿನ ನುಸಿ ಅಂತ ಊರವರ ಹಾಸ್ಯ.

ಅದನ್ನೂ ಅಳಿಸಿಲ್ಲ. ಗೀಚಿದ ದಿನ ಅದು ಹಾನಿ. ಇವತ್ತು ಅಳಿಸಿದರೆ ಎರಡನೇ ಹಾನಿ. ಹಾಗಾಗಿ ನನ್ನ ಉತ್ತರ ಇಷ್ಟು: ಹಳೆಯ ಗೀಚು ಕಾಪಾಡೋದು ಗೀಚಿದವನಿಗೆ ಕೊಟ್ಟ ಮರ್ಯಾದೆ ಅಲ್ಲ. ಮೇಸ್‌ಹೋ ಗೋಡೆಯಲ್ಲಿ ಹ್ಲಿಫ್ ಅಂತ ಒಬ್ಬ ಹೆಂಗಸಿನ ಹೆಸರಿದೆ. ಜಾರ್ಲ್ (ದ್ವೀಪ ಆಳುತ್ತಿದ್ದ ನಾರ್ಸ್ ಒಡೆಯ) ಮನೆಯ ಅಡುಗೆ, ಉಗ್ರಾಣ ನೋಡಿಕೊಳ್ಳುತ್ತಿದ್ದವಳು. ಅವಳ ಹೆಸರಿನಲ್ಲಿ ರೂನ್ ಕೆತ್ತಿದೆ. ಆ ಗೀಚು ಇಲ್ಲದಿದ್ದರೆ ಅಂಥವಳೊಬ್ಬಳು ಇದ್ದಳು ಅಂತ ನಮಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಇವತ್ತು ಹೆಸರು ಕೆತ್ತುವವನದ್ದು ಆಧಾರ್‌ನಲ್ಲಿದೆ, ಇನ್‌ಸ್ಟಾಗ್ರಾಮ್‌ನಲ್ಲಿದೆ. ಕಲ್ಲಿನ ಮೇಲೆ ಬೇಕಿಲ್ಲ.

ಗಾರೆಕೆಲಸ

ಕೊನೆ ಸಾಲಿಗೆ ನನ್ನದೊಂದು ಚಪ್ಪಾಳೆ. ಆದರೂ ಒಪ್ಪೋಕೆ ಸ್ವಲ್ಪ ಕಷ್ಟ. ಹ್ಲಿಫ್ ಕಾಲದಲ್ಲಿ ಯಾರಾದರೂ "ಇವಳ ಹೆಸರು ಜಾರ್ಲ್ ಮನೆ ಲೆಕ್ಕದ ಪುಸ್ತಕದಲ್ಲಿದೆಯಲ್ಲ, ಕಲ್ಲಿಗೆ ಯಾಕೆ" ಅಂದಿರಬಹುದು. ಪುಸ್ತಕ ಹೋಯ್ತು, ಕಲ್ಲು ಉಳಿಯಿತು. ನಿಮ್ಮ ಇನ್‌ಸ್ಟಾಗ್ರಾಮ್ ಎಷ್ಟು ದಿನ?

ನೆಟ್ಟಕಲ್ಲು

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಕೆತ್ತಬೇಡಿ.

ಎಡಿನ್‌ಬರೋ ಎಂಕ

ಹಳೆ ಐಸ್‌ಲ್ಯಾಂಡಿನ ಸಾಗಾದಲ್ಲಿ, ಅಂದರೆ ವೀರರ ಕಥನದಲ್ಲಿ, ಒಂದು ಪ್ರಸಂಗ ಇದೆ. ಜಾರ್ಲ್ ಹರಾಲ್ಡನ ಪಡೆ ಹಿಮದ ಬಿರುಗಾಳಿಗೆ ಸಿಕ್ಕು ಈ ದಿಬ್ಬದಲ್ಲೇ ಆಶ್ರಯ ಪಡೆಯಿತು. 1153ರ ಕ್ರಿಸ್‌ಮಸ್ ಹೊತ್ತಿನ ಮಾತು. ಇಬ್ಬರಿಗೆ ಹುಚ್ಚು ಹಿಡಿಯಿತು. ಕುವೀನ್‌ನಲ್ಲಿ ಟಾರ್ಚ್ ಆರಿಸಿದ ಮೇಲೆ ನನಗೆ ಆ ಇಬ್ಬರ ಮೇಲೆ ಪೂರ್ತಿ ನಂಬಿಕೆ ಬಂದಿದೆ.

ಸಬ್ಬಸಿಗೆ

ನಮ್ಮಮ್ಮನಿಗೆ ಹುಚ್ಚು ಹಿಡಿಯಲಿಲ್ಲ, ಸ್ನಾನ ಹಿಡಿಯಿತು. ಹೊರಗೆ ಬಂದ ಕೂಡಲೇ "ಮಸಣಕ್ಕೆ ಹೋಗಿ ಬಂದಿದ್ದೀವಿ, ತಲೆಗೆ ನೀರು ಹಾಕ್ಕೊಳ್ಳದೆ ಏನೂ ತಿನ್ನಲ್ಲ" ಅಂದರು. ಕಾರಿನಲ್ಲಿ ಮೊಸರನ್ನದ ಡಬ್ಬಿ ಇತ್ತು, ಮುಟ್ಟಲಿಲ್ಲ. "ಅಮ್ಮಾ, ಐದು ಸಾವಿರ ವರ್ಷ ಆಯ್ತು, ಸೂತಕ ಇನ್ನೂ ಇರುತ್ತಾ" ಅಂದೆ. "ಅವರು ನಮ್ಮವರಲ್ಲ ಅಂತ ನಿನಗೆ ಯಾರು ಹೇಳಿದರು" ಅಂದರು. ಹೋಟೆಲಿಗೆ ಬಂದು, ಬಿಸಿನೀರು ಸುರಿದುಕೊಂಡು, ಸಂಜೆ ಐದಕ್ಕೆ ಊಟ.

ಇವರ ಮೊಮ್ಮಗ ಮಾತ್ರ ಅಷ್ಟರಲ್ಲಿ ಡಬ್ಬಿ ಅರ್ಧ ಖಾಲಿ ಮಾಡಿದ್ದ.

ಗುಡ್ಡದಹುಡುಗ

ಅಕ್ಕಾ, ಅಮ್ಮ ಹಿರೇಬೆಣಕಲ್ ನೋಡಿದ್ದಾರಾ ಕೇಳಿ. ಇಲ್ಲ ಅಂದರೆ ಕೊಪ್ಪಳಕ್ಕೆ ವಾಪಸ್ ಬಂದ ಮೇಲೆ ನಾನು ಕರಕೊಂಡು ಹೋಗ್ತೀನಿ. ಚಳಿಗಾಲದಲ್ಲಿ, ಬೆಳಿಗ್ಗೆ ಆರಕ್ಕೆ ಹೊರಡಬೇಕು, ಹತ್ತರ ಮೇಲೆ ಬಂಡೆ ಕಾಯುತ್ತೆ. ಹತ್ತೋದು ಸ್ವಲ್ಪ ಇದೆ, ಮಧ್ಯೆ ಮಧ್ಯೆ ಕೂತು ಹೋದರಾಯ್ತು. ಕಲ್ಮನೆ ಗೋಡೆಯಲ್ಲಿ ದುಂಡನೆ ಕಿಂಡಿ ಇರುತ್ತೆ, ಅದರಿಂದ ಒಳಗೆ ಇಣುಕಬಹುದು. ನಗಾರಿ ಗುಂಡು ಅಂತ ದೊಡ್ಡ ಕಲ್ಲಿದೆ, ಬಡಿದರೆ ಗುಡ್ಡಕ್ಕೆಲ್ಲ ಕೇಳಿಸುತ್ತೆ. ಊಟಕ್ಕೆ ನಮ್ಮವ್ವ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ ಕಟ್ಟಿ ಕೊಡ್ತಾಳೆ.

ಸಬ್ಬಸಿಗೆ

ಕೇಳಿದೆ. ಕೊಪ್ಪಳದಲ್ಲಿ ನಲವತ್ತು ವರ್ಷ ಇದ್ದೂ ಒಂದು ದಿನ ಹತ್ತಿಲ್ಲವಂತೆ. ಈಗ ಭಾರೀ ಉಮೇದು ಬಂದಿದೆ. ಆದರೆ ಮೊದಲು ಒಂದು ವಿಷಯ ಕೇಳಿ ಹೇಳು ಅಂದರು: ಗುಡ್ಡದ ಮೇಲೆ ನೀರಿದೆಯಾ, ಅಲ್ಲೇ ತಲೆಗೆ ಹಾಕ್ಕೊಂಡು ರೊಟ್ಟಿ ತಿನ್ನಬಹುದಾ?

ಗುಡ್ಡದಹುಡುಗ

ಮೇಲೆ ಕಲ್ಲು ತೆಗೆದ ಗುಂಡಿಯಲ್ಲಿ ನಿಂತ ನೀರು ಇರುತ್ತೆ. ಗೋರಿ ಕಟ್ಟಿದವರು ಕಲ್ಲು ಎಬ್ಬಿಸಿದ ಜಾಗವೇ ಅದು. ಒಂದು ಚೊಂಬು ತರೋಕೆ ಹೇಳ್ರಿ.